ದುರುಗಮ್ಮನ ತಲೆಯ ಮೇಲೆ

ಹಗರಿಬೊಮ್ಮನಹಳ್ಳಿ ಕಡೆಯ ತುಂಗಭದ್ರಾ ಹಿನ್ನೀರು. ನಡುಗಡ್ಡೆಯ ಹಳೇ ಕೋಟೆ ನೋಡಲು ಮೋಟಾರು ದೋಣಿ ಹತ್ತಿದ್ದೆ. ನನಗೆ ಈಜು ಬಾರದು. ನಡುನೀರಿನಲ್ಲಿ ದೋಣಿಯವನು ಇಂಜಿನ್ ನಿಲ್ಲಿಸಿಬಿಟ್ಟ. ಗಾಳಿಗೆ ದೋಣಿ ಓಲಾಡಿತು. ಉಳಿದವರೆಲ್ಲ ಚಪ್ಪಲಿ ಕಳಚಿ ತೊಡೆಯ ಮೇಲಿಟ್ಟುಕೊಂಡರು.

"ಕೆಟ್ಟಿತೇನಪ್ಪಾ?" ಎಂದೆ.

"ಕೆಟ್ಟಿಲ್ರಿ," ಪಕ್ಕದ ಅಜ್ಜಿ ಹೇಳಿದಳು. "ಕೆಳಗ ನಮ್ಮ ಮುಳುಗಿದ ಊರಿನ ದುರುಗಮ್ಮನ ಗುಡಿ ಐತಿ. ಆಕಿ ತಲಿ ಮ್ಯಾಲೆ ಸದ್ದು ಮಾಡಬಾರ್ದು."

ಆಮೇಲೆ ನನ್ನ ಬೂಟು ನೋಡಿದಳು. ಬಗ್ಗಿದರೆ ದೋಣಿ ವಾಲೀತೆಂದು ನಾನು ಕದಲಲಿಲ್ಲ.

ತೇಲುತ್ತ ಆ ಜಾಗ ದಾಟಿದ ಮೇಲೆ ದೋಣಿಯವನು ಇಂಜಿನ್ನಿನ ಹಗ್ಗ ಜಗ್ಗಿದ. ಅದು ಕೆಮ್ಮಿ ಸುಮ್ಮನಾಯಿತು. ಮತ್ತೆ ಜಗ್ಗಿದ. ಈಗ ಎಲ್ಲರೂ ನನ್ನ ಬೂಟನ್ನೇ ನೋಡತೊಡಗಿದರು. ಕೊನೆಗೆ ಹೇಗೋ ಚಾಲೂ ಆಯಿತು.

ವಾಪಸ್ ಬರುವಾಗ, ಅವನ ಕೈ ಇಂಜಿನ್ನಿನತ್ತ ಹೋಗುವ ಮೊದಲೇ ನನ್ನ ಬೂಟುಗಳು ತೊಡೆಯ ಮೇಲಿದ್ದವು.