ಪಡಸಾಲೆಯಲ್ಲಿ ನಿಂತ ಸೈಕಲ್

2023ರಲ್ಲಿ ನಾನು ಹೊಳೆನರಸೀಪುರದ ಒಂದು ಆಸ್ಪತ್ರೆಯಲ್ಲಿ ಫಿಸಿಷಿಯನ್ ಆಗಿದ್ದೆ. ನಿವೃತ್ತಿಗೆ ಇನ್ನೊಂದೇ ವರ್ಷ ಬಾಕಿಯಿತ್ತು. ಮನೆ ಹಾಸನದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ವಾರಕ್ಕೆ ಎರಡು ದಿನ ಸಕ್ಕರೆ ಕಾಯಿಲೆ ಮತ್ತು ಬಿಪಿಯವರಿಗೆಂದೇ ಹೊರರೋಗಿ ವಿಭಾಗ ನಡೆಯುತ್ತಿತ್ತು, ಅದನ್ನು ನಾನು ನೋಡಿಕೊಳ್ಳುತ್ತಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ. ನರ್ಸುಗಳು ಬೆನ್ನ ಹಿಂದೆ ‘ಮೆಣಸಿನಕಾಯಿ ಮೇಡಮ್’ ಎನ್ನುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ, ಇದ್ದದ್ದನ್ನೇ ಅಂದಿದ್ದರು. ಆದರೆ ನನ್ನ ಸಿಟ್ಟುಗಳೆಲ್ಲ ಸಂಜೆ ಬಸ್ಸು ಹತ್ತುವ ಹೊತ್ತಿಗೆ ಇಳಿದು ಹೋಗುವಂಥವು. ಇಷ್ಟು ವರ್ಷದ ಕೆಲಸದಲ್ಲಿ ಇಳಿಯದೆ ಉಳಿದದ್ದು ಒಂದೇ ಒಂದು, ಅದು ಲಲಿತಮ್ಮನ ಕೇಸು.

ಜೂನ್ ತಿಂಗಳಲ್ಲಿ ಅವರನ್ನು ಗಂಡ ನಂಜೇಗೌಡರು ಕಾರಿನಲ್ಲಿ ಕರೆತಂದರು. ಚನ್ನರಾಯಪಟ್ಟಣದ ರಸ್ತೆಯಲ್ಲಿ ಅವರ ಊರು. ತೆಂಗಿನ ತೋಟ, ಕಾಯಿ ವ್ಯಾಪಾರ, ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನೆತನ. ಲಲಿತಮ್ಮನಿಗೆ ನಲವತ್ನಾಲ್ಕು ವಯಸ್ಸು. ತೂಕ ಹೆಚ್ಚಾಗಿತ್ತು, ಎರಡೂ ಮಂಡಿ ನೋವು, ಬಿಪಿ ಬೇರೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ. ಏಳರ ಆಸುಪಾಸಿನಲ್ಲಿ ಇರಬೇಕಾದದ್ದು ಅವರಿಗೆ ಹತ್ತು ದಾಟಿತ್ತು. ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದರಿಂದ ಅಂಗಾಲು ಮುಟ್ಟಿ, ಗೊತ್ತಾಯಿತೇ ಎಂದು ಕೇಳುವ ಪರೀಕ್ಷೆ ಮಾಡಿದೆ. ಎಡಗಾಲಿನಲ್ಲಿ ಒಂದು ಕಡೆ ಅನುಮಾನಿಸಿ ಹೂಂ ಅಂದರು. ನರಗಳು ಸೋಲಲು ಶುರುವಾಗಿವೆ ಎಂದು ಅದರ ಅರ್ಥ. ಸಕ್ಕರೆ ಇಳಿಯದಿದ್ದರೆ ಮುಂದೆ ಕಾಲಿಗೆ ಗಾಯವಾದರೂ ಗೊತ್ತಾಗುವುದಿಲ್ಲ, ಗಾಯ ಕೊಳೆತರೆ ಬೆರಳೋ ಪಾದವೋ ತೆಗೆಯಬೇಕಾಗುತ್ತದೆ. ಇದನ್ನು ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದೆ. ಮನೆಯೊಳಗೂ ಬರಿಗಾಲಿನಲ್ಲಿ ಓಡಾಡಬೇಡಿ ಎಂದೆ.

ವಾಕಿಂಗ್ ಮಾಡಿ ಎನ್ನಲು ಆ ಮಂಡಿಗಳು ಬಿಡುತ್ತಿರಲಿಲ್ಲ. ಅಂಥವರಿಗೆ ಸೈಕಲ್ ಒಳ್ಳೆಯದು. ಮೈಭಾರವನ್ನು ಸೀಟು ಹೊರುತ್ತದೆ, ಮಂಡಿಗೆ ಹೊರೆಯಿಲ್ಲ, ತೊಡೆಯ ಸ್ನಾಯು ಗಟ್ಟಿಯಾಗಿ ಮಂಡಿಯನ್ನು ಹಿಡಿದು ನಿಲ್ಲಿಸುತ್ತದೆ. ದೇಹದ ದೊಡ್ಡ ಸ್ನಾಯುಗಳು ದುಡಿದಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ತುಳಿಯುವುದು ನಿಂತ ಮೇಲೂ ಸ್ವಲ್ಪ ಹೊತ್ತು ಎಳೆಯುತ್ತಲೇ ಇರುತ್ತವೆ. ಹೃದಯಕ್ಕೂ ಬಿಪಿಗೂ ಒಳ್ಳೆಯದು, ರಾತ್ರಿ ನಿದ್ದೆ ಬರುತ್ತದೆ. ಸೈಕಲ್ ಬರುತ್ತದೆಯೇ ಎಂದು ಕೇಳಿದೆ. ಅದುವರೆಗೆ ನೆಲ ನೋಡುತ್ತಿದ್ದ ಲಲಿತಮ್ಮ ತಲೆಯೆತ್ತಿದರು.

“ಅರಕಲಗೂಡು ಕಡೆ ಮೇಡಮ್ ನಮ್ ತೌರು. ಐಸ್ಕೂಲ್‌ಗೆ ಅಪ್ಪನ ಸೈಕಲ್ಲಲ್ಲೇ ಓಯ್ತಿದ್ದೆ. ಹಿಂದ್ಗಡೆ ತಂಗೀನೂ ಕೂರುಸ್ಕೊಂಡು.”

ಮಾತ್ರೆಗಳ ಕೆಳಗೆ ‘ಸೈಕಲ್, ದಿನಾ ಬೆಳಿಗ್ಗೆ ಅರ್ಧ ಗಂಟೆ’ ಎಂದು ಬರೆದು ಚೀಟಿ ಕೊಟ್ಟೆ. ನಂಜೇಗೌಡರು ಓದಿ ನಕ್ಕರು.

“ಏನ್ ಮೇಡಮ್ ಇಂಗ್ ಬರ್ದ್ಬುಟ್ರಿ? ನಮ್ಮನೆ ಎಂಗುಸ್ರು ರಸ್ತೇಲಿ ಸೈಕಲ್ ತುಳುದ್ರೆ ನಂಜೇಗೌಡ ಕಾರ್ ಮಾರ್ಕೊಂಡ ಅಂತಾರೆ ಜನ. ಮಗಳಿಗೆ ಗಂಡು ಬೇರೆ ನೋಡ್ತಾ ಇದೀವಿ.”

ನಿಮ್ಮ ಹೆಂಡತಿಯ ಕಾಲು ಹೋದರೆ ಜನ ಕೊಂಡು ತಂದು ಕೊಡುವುದಿಲ್ಲ ಎಂದು ರೇಗಿದೆ. ಅವರು ಕೆಟ್ಟವರಲ್ಲ, ತಕ್ಷಣ ಕೈ ಮುಗಿದರು. ಹದಿನೈದು ದಿನದೊಳಗೆ ನನ್ನ ಮುಂದೆ ಮೊಬೈಲ್ ಹಿಡಿದು ಒಂದು ಫೋಟೋ ತೋರಿಸಿದರು. ಹಾಸನದ ಅಂಗಡಿಯಿಂದ ಎಕ್ಸರ್‌ಸೈಜ್ ಸೈಕಲ್ ತಂದಿದ್ದರು, ನಿಂತಲ್ಲೇ ತುಳಿಯುವ ಯಂತ್ರ. ಬೆಳ್ಳಿ ಬಣ್ಣ, ಪುಟ್ಟ ಪರದೆ, ನೀರಿನ ಬಾಟಲಿಗೂ ಜಾಗ. ಸರಿ, ತುಳಿದರೆ ಇದೂ ಕೆಲಸ ಮಾಡುತ್ತದೆ ಎಂದು ಸುಮ್ಮನಾದೆ. ಸೆಪ್ಟೆಂಬರಿನಲ್ಲಿ ಮತ್ತೆ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿಯುವ ಬದಲು ಏರಿತ್ತು. ದಿನಾ ತುಳಿಯುತ್ತೀರಾ ಎಂದು ಕೇಳಿದೆ. “ತುಳೀತಾಳೆ” ಎಂದು ನಂಜೇಗೌಡರು ಹೇಳಿದರು. ಲಲಿತಮ್ಮ ಸೆರಗಿನ ಅಂಚು ತಿರುವುತ್ತಾ ಕೂತಿದ್ದರು. ಮಾತ್ರೆ ಹೆಚ್ಚಿಸಿದೆ, ಇನ್ನು ಇನ್ಸುಲಿನ್ ಶುರು ಮಾಡಬೇಕಾಗಬಹುದು ಎಂದು ಎಚ್ಚರಿಸಿದೆ.

ಅಕ್ಟೋಬರಿನಲ್ಲಿ ಆಯುಧಪೂಜೆಗೆ ಕರೆದರು. ರಜೆಯ ದಿನ, ಸುಮ್ಮನೆ ಮನೆಯಲ್ಲಿ ಕೂರುವುದೇಕೆ ಎಂದು ಹೋದೆ. ಅಂಗಳದಲ್ಲಿ ಕಾರು, ಟ್ರ್ಯಾಕ್ಟರು, ಎರಡು ಮೋಟಾರ್ ಬೈಕು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಸಾಲಿನ ಕೊನೆಯಲ್ಲಿ ಒಂದು ಹಳೆಯ ಲೇಡೀಸ್ ಸೈಕಲ್ಲೂ ಇತ್ತು. ಈಗ ಹಾಸನದಲ್ಲಿ ಕಾಲೇಜಿಗೆ ಹೋಗುವ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು. ಈಗ ತೋಟದ ಆಳು ಅದರ ಮೇಲೆ ಹಸುವಿಗೆ ಹುಲ್ಲು ತರುತ್ತಿದ್ದ. ಎಲ್ಲಕ್ಕೂ ವಿಭೂತಿ, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಕುಂಕುಮ ತುಂಬಿದ ಬೂದಗುಂಬಳ ಒಡೆದರು, ಕಾಯಿ ಒಡೆದರು, ಗಾಡಿಗಳನ್ನು ಒಂದಿಷ್ಟು ಮುಂದೆ ಸರಿಸಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿದರು. ಅಂಗಳವೆಲ್ಲ ಕೆಂಪಾಯಿತು.

ಒಳಗೆ ಕರೆದರು. ಪಡಸಾಲೆಯ ನಟ್ಟನಡುವೆ ಆ ಬೆಳ್ಳಿ ಬಣ್ಣದ ಯಂತ್ರ ನಿಂತಿತ್ತು. ಬಂದವರ ಕಣ್ಣಿಗೆ ಮೊದಲು ಬೀಳಲಿ ಎಂದು ಬಾಗಿಲಿಗೆ ಎದುರಾಗಿ ಇಟ್ಟಿದ್ದರು. ಅದಕ್ಕೂ ವಿಭೂತಿ, ಅದಕ್ಕೂ ಹಾರ. ಅದರ ಕಬ್ಬಿಣದ ಕಾಲಿನ ಪಕ್ಕ ಒಂದು ನಿಂಬೆಹಣ್ಣು ಇಟ್ಟಿದ್ದರು, ಇಡೀ ಹಣ್ಣು. ಎಲ್ಲಿಗೂ ಹೋಗದ ಗಾಡಿ ಅದನ್ನು ಹೇಗೆ ಅಪ್ಪಚ್ಚಿ ಮಾಡೀತು? ಹಿಡಿಕೆಯ ಮೇಲೆ ಯಾರದೋ ಪಂಚೆ ಒಣಗಲು ಹಾಕಿದ್ದರು. ಯಂತ್ರದಿಂದ ಮಾರು ದೂರದಲ್ಲಿ ಒಂದು ಮಂಚ, ಮಂಚದ ಮೇಲೆ ನಂಜೇಗೌಡರ ತಂದೆ. ಬೆಳಗಿನಿಂದ ರಾತ್ರಿಯವರೆಗೂ ಅವರು ಕೂರುವ ಜಾಗ ಅದು. ಎಲೆ ಅಡಿಕೆ, ವ್ಯಾಪಾರದ ಜನ, ಮಾತುಕತೆ, ಎಲ್ಲ ಅಲ್ಲೇ. ಲಲಿತಮ್ಮ ಕಾಫಿ ತಂದವರು ಮಾವನ ಎದುರು ಕುರ್ಚಿ ಮುಟ್ಟಲಿಲ್ಲ, ಕಂಬದ ಪಕ್ಕ ನಿಂತೇ ಇದ್ದರು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ್ದರೂ ಮಾವನ ಮುಂದೆ ಕುರ್ಚಿಯ ಮೇಲೆ ಕೂತ ಸೊಸೆಯಲ್ಲ ಆಕೆ. ಅಂಥವರು ಮಾವನ ಮುಖದ ಮುಂದೆ, ಮಂಚಕ್ಕಿಂತ ಎತ್ತರದ ಸೀಟು ಹತ್ತಿ, ಸೀರೆ ಎತ್ತಿಕಟ್ಟಿ ಕಾಲು ಆಡಿಸಬೇಕಿತ್ತು. ಅಲ್ಲಿ ನಿಂತಾಗ ನನಗೆ ಎಲ್ಲ ಅರ್ಥವಾಯಿತು, ಮೈ ಉರಿಯಿತು.

ಆಗಲೇ ನೆಲದ ಮೇಲೆ ಹೆಜ್ಜೆಗಳನ್ನು ಕಂಡದ್ದು. ಎಲ್ಲರ ಕಾಲಿನಲ್ಲೂ ಅಂಗಳದ ಕುಂಕುಮವಿತ್ತು, ಆದರೆ ಹೊಸ್ತಿಲು ದಾಟಿ ನಾಲ್ಕು ಹೆಜ್ಜೆಗೆ ಅದು ಮಾಸಿಹೋಗಿತ್ತು. ಒಂದು ಹೆಜ್ಜೆ ಮಾತ್ರ ಮಾಸಿರಲಿಲ್ಲ. ಅಂಗಳದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ, ಮತ್ತೆ ಅಡುಗೆಮನೆಗೆ, ಎಡಗಾಲಿನ ಗುರುತು ಬರಬರುತ್ತಾ ಗಾಢವಾಗಿತ್ತು. ಜನ ಅದನ್ನು ತುಳಿದುಕೊಂಡೇ ಓಡಾಡುತ್ತಿದ್ದರು. ಹಬ್ಬದ ಕೆಂಪು ಎಂದುಕೊಂಡಿದ್ದರು.

ಲಲಿತಮ್ಮನನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದೆ. ಮಾವನ ಎದುರಿಗೇ. ಏಳಲು ಹೋದರು, ಹೆಗಲು ಒತ್ತಿ ಹಿಡಿದೆ. ಕಾಲೆತ್ತಿ ನೋಡಿದರೆ ಒಡೆದ ಕಾಯಿಯ ಚಿಪ್ಪಿನ ಚೂರು ಅಂಗಾಲಿನಲ್ಲಿ ಆಳವಾಗಿ ಇಳಿದಿತ್ತು.

“ನೋವಾಗಲಿಲ್ವಾ?”

“ಎಲ್ಲಿ ಮೇಡಮ್?” ಎಂದರು ಆಕೆ.

ನಂಜೇಗೌಡರು ಓಡಿ ಬಂದರು. “ಕುಂಕ್ಮ ಅಲ್ವಾ ಅದು?” ಎಂದರು.

“ರಕ್ತ ಕಣ್ರೀ. ನಿಮ್ಮ ಹೆಂಡತೀದು.”

ಚೂರು ತೆಗೆದು, ತೊಳೆದು, ಇದ್ದ ಬಟ್ಟೆಯಲ್ಲಿ ಕಟ್ಟಿದೆ. ಕೈ ಕೆಲಸ ಮಾಡುತ್ತಿತ್ತು, ಬಾಯಿಯೂ ಸುಮ್ಮನಿರಲಿಲ್ಲ. ಹಬ್ಬದ ಮನೆ, ನೆಂಟರಿಷ್ಟರು ಎಂದು ನೋಡಲಿಲ್ಲ. ಈ ಯಂತ್ರ ತಂದದ್ದು ನಿಮ್ಮ ಹೆಂಡತಿಗೋ, ನಿಮ್ಮ ಬೀಗರಾಗುವವರಿಗೋ ಎಂದು ಕೇಳಿದೆ. ಆಳು ತುಳಿಯುವ ಸೈಕಲ್ ಹೊರಗೆ ಲಕ್ಷಣವಾಗಿ ಓಡುತ್ತಿದೆ, ಯಜಮಾನಿಯದ್ದು ಪಂಚೆ ಒಣಗಿಸುತ್ತಿದೆ ಎಂದೆ. ನಂಜೇಗೌಡರು ಹಿಡಿಕೆಯ ಮೇಲಿನ ಪಂಚೆ ಎಳೆದುಕೊಂಡರು. ಮುದುಕರು ಮಂಚದಿಂದ ನಿಧಾನಕ್ಕೆ ಹೇಳಿದರು.

“ನಾನೇನೂ ಅಂದಿಲ್ವಲ್ಲವ್ವ. ಒಂದಿನನಾರ ಬ್ಯಾಡ ಅಂದಿದ್ನಾ?”

“ಬೇಡ ಅನ್ನಲಿಲ್ಲ. ತುಳಿ ಅಂತಲೂ ಅನ್ನಲಿಲ್ಲ. ಇಷ್ಟು ದಿನ ಎದುರಿಗೇ ಕೂತು ನೋಡಿದ್ರಲ್ಲ ಯಜಮಾನ್ರೇ, ಯಾರೂ ಹತ್ತದ್ದನ್ನ?”

ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಯಾರೂ ಏನೂ ಬೇಡ ಎಂದಿರಲಿಲ್ಲ. ನನ್ನ ಸಿಟ್ಟಿಗೆ ಮೂಲ ಅದೇ. ಬೈದಿದ್ದರೆ, ತಡೆದಿದ್ದರೆ ಜಗಳವಾಡಬಹುದಿತ್ತು. ಗಂಡ ಖರ್ಚು ಮಾಡಿದ್ದ, ಮಾವ ಸುಮ್ಮನಿದ್ದ, ಎಲ್ಲರೂ ಒಳ್ಳೆಯವರು, ಹೆಂಗಸಿನ ಕಾಲು ಮಾತ್ರ ಸತ್ತುಹೋಗುತ್ತಿತ್ತು.

ಆಗ ಲಲಿತಮ್ಮ ಬಾಯಿಬಿಟ್ಟರು. ಗಂಡನ ಕಡೆಗಾಗಲೀ ಮಾವನ ಕಡೆಗಾಗಲೀ ನೋಡದೆ ನನಗೆ ಹೇಳಿದರು.

“ಈ ಮಿಷಿನ್ನು ನಂಗ್ ಬ್ಯಾಡ ಮೇಡಮ್. ಮಗಳ್ ಸೈಕಲ್ ಸಾಕು. ಕಾಲ್ ವಾಸಿ ಮಾಡ್ಕೊಡಿ, ಆಸ್ಪತ್ರೆಗೆ ನಾನೇ ತುಳ್ಕಂಡ್ ಬತ್ತೀನಿ. ಹಗಲೊತ್ನಲ್ಲೇ ಬತ್ತೀನಿ.”

ಯಾರೂ ಬೇಡ ಎನ್ನಲಿಲ್ಲ. ಈ ಸಲ ಅದು ಉಪಯೋಗಕ್ಕೆ ಬಂತು.

ಗಾಯ ಸುಲಭವಾಗಿ ಮಾಗಲಿಲ್ಲ. ಸಕ್ಕರೆಯ ಮೈಯಲ್ಲಿ ಅಂಗಾಲಿನ ಗಾಯ ಮೊಂಡು ಹಿಡಿಯುತ್ತದೆ. ಆಸ್ಪತ್ರೆಗೆ ಸೇರಿಸಿಕೊಂಡು ಇನ್ಸುಲಿನ್ ಶುರು ಮಾಡಿದೆವು, ಒಂದು ಹಂತದಲ್ಲಿ ಸರ್ಜನ್ ಬಂದು ಕಿರುಬೆರಳಿನ ಬುಡ ನೋಡಿ ತಲೆ ಅಲ್ಲಾಡಿಸಿದ್ದೂ ಉಂಟು. ಬೆರಳು ಉಳಿಯಿತು. ಚರ್ಮ ಪೂರ್ತಿ ಕೂಡುವವರೆಗೆ ಕಾಲು ಊರುವ ಹಾಗಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ಸೈಕಲ್ ಬೆಲ್ ಕೇಳಿಸಿತು. ಚೂಡಿದಾರ, ಕ್ಯಾನ್ವಾಸ್ ಶೂ, ಮುಖದ ತುಂಬ ಬೆವರು. ಹಿಂದೆ ಇಪ್ಪತ್ತು ಅಡಿ ದೂರದಲ್ಲಿ ನಂಜೇಗೌಡರ ಕಾರು, ಇಂಡಿಕೇಟರ್ ಮಿಣುಕಿಸುತ್ತಾ ಎತ್ತಿನಗಾಡಿಯ ವೇಗದಲ್ಲಿ ಬಂತು.

“ಬಿದ್‌ಗಿದ್ದಾಳು ಅಂತ ಮೇಡಮ್” ಎಂದರು ಅವರು ಇಳಿದು. ನಾನು ಬೇಕೆಂದೇ ಅವರನ್ನು ಮಾತಾಡಿಸಲಿಲ್ಲ. ನರ್ಸುಗಳು ನಕ್ಕರು.

ನಾನು ನಿವೃತ್ತಳಾಗುವ ಹೊತ್ತಿಗೆ ಅವರ ಎಚ್‌ಬಿಎ1ಸಿ ಏಳರ ಹತ್ತಿರಕ್ಕೆ ಬಂದಿತ್ತು. ಇನ್ಸುಲಿನ್ ನಿಂತಿತ್ತು, ಬಿಪಿ ಮಾತ್ರೆ ಅರ್ಧವಾಗಿತ್ತು, ಮಂಡಿ ಹಿಡಿದುಕೊಂಡು ಏಳುವುದು ತಪ್ಪಿತ್ತು. ವಾರದ ಸಂತೆಗೂ ಈಗ ಸೈಕಲ್ಲಿನಲ್ಲೇ ಹೋಗುತ್ತೇನೆ, ಯಾರನ್ನೂ ಕಾಯಬೇಕಾಗಿಲ್ಲ ಎಂದರು. ಅದನ್ನು ಹೇಳುವಾಗ ಅವರ ದನಿಯೇ ಬೇರೆ ಇತ್ತು. ಕೊನೆಯ ಸಲ ಮತ್ತೆ ನೈಲಾನ್ ಎಳೆಯ ಪರೀಕ್ಷೆ ಮಾಡಿದೆ. ಬಲಗಾಲಿನ ಪ್ರತಿ ಜಾಗಕ್ಕೂ ಹೂಂ ಅಂದರು. ಎಡ ಅಂಗಾಲಿನ ಮುಂಭಾಗಕ್ಕೆ ಎಳೆ ಒತ್ತಿ ಬಾಗಿಸಿದೆ, ಜಾಗ ಬದಲಿಸಿ ಮತ್ತೆ ಒತ್ತಿದೆ. ಲಲಿತಮ್ಮ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದರು.

“ಶುರು ಮಾಡಿ ಮೇಡಮ್” ಎಂದರು.

ಹೋದ ನರ ಸೈಕಲ್ ತುಳಿದರೂ ಮರಳಲಿಲ್ಲ. ಜೂನ್‌ನಲ್ಲಿ ಅನುಮಾನಿಸಿಯಾದರೂ ಹೂಂ ಎಂದಿದ್ದ ಜಾಗ ಅದು. ಜೂನ್‌ನಿಂದ ಅಕ್ಟೋಬರಿನವರೆಗೆ, ಒಂದು ಯಂತ್ರ ಪಡಸಾಲೆಯಲ್ಲಿ ನಿಂತಿದ್ದಾಗ ಹೋದದ್ದು. ಈಗಲೂ ಹಾಸನದಲ್ಲಿ ಪರಿಚಯದವರು ವ್ಯಾಯಾಮಕ್ಕೆ ಏನು ಕೊಳ್ಳಲಿ ಮೇಡಮ್ ಎಂದು ಕೇಳಿಕೊಂಡು ಬರುತ್ತಾರೆ. ಏನು ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಕೊಂಡದ್ದನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ, ಅದರ ಎದುರಿಗೆ ಯಾರು ಕೂತಿರುತ್ತಾರೆ ಎಂದು ಮೊದಲು ಕೇಳುತ್ತೇನೆ. ಕೆಲವರು ನಗುತ್ತಾರೆ. ಹೆಂಗಸರು ಯಾರೂ ನಕ್ಕಿದ್ದನ್ನು ನಾನು ನೋಡಿಲ್ಲ.