ಹಳ್ಳದ ಈಚೆಗೆ ಉಳಿದ ನೀರಗಂಟಿ

ಇನ್ನೂ ನಸುಕು. ತೊಗರಿಹಾಳದ ಹನುಮಪ್ಪನ ಗುಡಿಯ ಹಿಂದಿನ ವಾಲ್ ಗುಂಡಿಗೆ ಗದ್ದೆಮ್ಮ ಇಳಿದಿದ್ದಾಳೆ. ಸೀರೆ ಎತ್ತಿ ಕಟ್ಟಿ, ಕೆಸರಲ್ಲಿ ಬರಿಗಾಲಲ್ಲಿ ನಿಂತು, ಕಬ್ಬಿಣದ ಚಾವಿಗೆ ಎರಡೂ ಕೈ ಕೊಟ್ಟು ತಿರುವುತ್ತಾಳೆ. ಪೈಪಿನೊಳಗೆ ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ನೀರು ಓಡುತ್ತದೆ. ಮೇಲಿನ ಓಣಿಯಲ್ಲಿ ಕೊಡಗಳ ಗದ್ದಲ ಶುರುವಾಗುತ್ತದೆ. ಗುಂಡಿಯಿಂದ ಮೇಲೆ ಬಂದವಳ ಕಣ್ಣು ಹಳ್ಳದ ಆಚೆಗೆ ಹೋಗುತ್ತದೆ. ಅಲ್ಲಿ ಹಿರೇಬಾವಿಯ ಬೀದಿದೀಪಗಳು ಇನ್ನೂ ಉರಿಯುತ್ತಿವೆ.

"ನೋಡಬಾರ್ದು ಅಂತೀನ್ರಿ, ಕಣ್ಣು ಕೇಳಂಗಿಲ್ಲ. ಹೊಟ್ಟಿ ಉರೀತದ. ಸುಳ್ಳು ಯಾಕ ಹೇಳ್ಲಿ?"

ಮೊದಲು ಎರಡೂ ಊರಿಗೆ ಒಂದೇ ಗ್ರಾಮ ಪಂಚಾಯ್ತಿ. ಆಗ ತಾಲ್ಲೂಕು ಮಾನ್ವಿ. ಸಿರವಾರ ತಾಲ್ಲೂಕಾದ ಮೇಲೆ ಎರಡೂ ಜೊತೆಯಾಗಿಯೇ ಅತ್ತ ಸರಿದವು. ಗದ್ದೆಮ್ಮನ ಗಂಡ ಬೂದೆಪ್ಪ ತೊಗರಿಹಾಳಕ್ಕೆ ನೀರು ಬಿಡುತ್ತಿದ್ದ. ಅವನು ಕಾಮಾಲೆಯಿಂದ ತೀರಿಕೊಂಡ ವಾರವೇ ಊರ ನಳ ಬಂದ್ ಆಗಬಾರದೆಂದು ಆಕೆ ಚಾವಿ ಹಿಡಿದಳು. ಹಿರೇಬಾವಿಯ ಓಣಿ ಗುಡಿಸುವ ಲತೀಫಾ ಆಕೆಯ ಜೀವದ ಗೆಳತಿ. ಪಂಚಾಯ್ತಿ ಕಟ್ಟೆಯ ಮೇಲೆ ಇಬ್ಬರೂ ಒಂದೇ ಬುತ್ತಿ ಬಿಚ್ಚುತ್ತಿದ್ದರು, ಪಗಾರ ತಡವಾದರೆ ಜೊತೆಯಾಗಿಯೇ ಬೈಯುತ್ತಿದ್ದರು.

ಆಮೇಲೆ ಹಿರೇಬಾವಿ ಪಟ್ಟಣ ಪಂಚಾಯ್ತಿಯಾಯಿತು. ಗಡಿ ಹಳ್ಳದ ಮೇಲೆ ಬಿತ್ತು. ಈಚೆಗೆ ಉಳಿದ ತೊಗರಿಹಾಳವನ್ನು ಬೇರೊಂದು ಗ್ರಾಮ ಪಂಚಾಯ್ತಿಗೆ ಅಂಟಿಸಿದರು. ಲತೀಫಾ ಪಟ್ಟಣದ ಪೌರಕಾರ್ಮಿಕೆಯಾದಳು. ಮೈಮೇಲೆ ಕಿತ್ತಳೆ ಜಾಕೀಟು, ಕಾಲಿಗೆ ಬೂಟು, ಕೊರಳಲ್ಲಿ ಫೋಟೊ ಇರುವ ಕಾರ್ಡು. ಗದ್ದೆಮ್ಮನ ಕೈಯಲ್ಲಿ ಮಾತ್ರ ಅದೇ ಚಾವಿ.

ಸಿರವಾರದ ಸಂತೆಯಲ್ಲಿ ಗೆಳತಿಯನ್ನು ಆ ಜಾಕೀಟಿನಲ್ಲಿ ಕಂಡ ದಿನ ಗದ್ದೆಮ್ಮ ಕಾಯಿಪಲ್ಯ ಕೊಳ್ಳದೆ ತಿರುಗಿ ಬಂದಳು. ಅಂದಿನಿಂದ ಸಂತೆಗೆ ಹೋಗಲು ಹಿರೇಬಾವಿಯ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಸುತ್ತು ಹಾಕತೊಡಗಿದಳು. ಲತೀಫಾ ತನಗೆ ಬಂದ ಎರಡನೇ ಜೊತೆ ಬೂಟನ್ನು ಟಂಟಂ ಗಾಡಿಯವನ ಕೈಯಲ್ಲಿ ಕಳಿಸಿದರೆ ಅದನ್ನು ಜಾಲಿ ಬೇಲಿಗೆ ಒಗೆದಳು. ಒಂದನ್ನು ನಾಯಿ ಎಳೆದೊಯ್ದಿತು. "ಆಕಿ ಹಾಕ್ಕೊಂಡು ಬಿಟ್ಟದ್ದು ನಾ ಯಾಕ ಹಾಕ್ಕೊಬೇಕ್ರಿ? ಹೊಸಾವ ಇದ್ದು ಅಂತ ಆಮ್ಯಾಲ ಗೊತ್ತಾತು. ಆದ್ರೂ ಸಿಟ್ಟು ಇಳೀಲಿಲ್ಲ."

ಹೋದ ಬೇಸಿಗೆಯಲ್ಲಿ ಲತೀಫಾ ತಾನಾಗಿಯೇ ಹಳ್ಳ ದಾಟಿ ಬಂದಳು. ಜಾಕೀಟು ಇರಲಿಲ್ಲ. ಆದರೂ ಮೆರೆಯಲು ಬಂದಿದ್ದಾಳೆ ಎಂದುಕೊಂಡ ಗದ್ದೆಮ್ಮ ಕೂರು ಅನ್ನಲಿಲ್ಲ. ನಿಂತುಕೊಂಡೇ ಲತೀಫಾ ಸಂಕಟ ಹೇಳಿಕೊಂಡಳು. ಊರು ಪಟ್ಟಣವಾದ ಮೇಲೆ ಅಲ್ಲಿ ಉದ್ಯೋಗ ಖಾತ್ರಿ ಕೆಲಸ ನಿಂತಿದೆ. ಸೊಸೆ ತಹಮೀನಾ ಬೇಸಿಗೆಯಲ್ಲಿ ಕೆರೆ ಹೂಳೆತ್ತಿಯೇ ಮನೆ ತೂಗಿಸುತ್ತಿದ್ದಳು. ಈಗ ಕೂಸು ಕಟ್ಟಿಕೊಂಡು ಗಂಡನ ಹಿಂದೆ ಕೂಲಿ ಹುಡುಕಿ ದೂರದೂರಿಗೆ ಗುಳೆ ಹೊರಟಿದ್ದಾಳೆ. ಸೊಸೆಯ ಹೆಸರನ್ನು ತೊಗರಿಹಾಳದಲ್ಲಿ ಸೇರಿಸಲಾದೀತೇ ಎಂದು ಕೇಳಲು ಬಂದಿದ್ದಳು.

ಗದ್ದೆಮ್ಮನಿಗೆ ಮೊದಲು ಆದದ್ದು ಖುಷಿ. ಅದನ್ನೂ ಆಕೆ ಮುಚ್ಚಿಡುವುದಿಲ್ಲ. ಆದರೆ ಲತೀಫಾ ಆಮೇಲೆ ಆಡಿದ ಮಾತಿಗೆ ಆ ಖುಷಿ ಉಳಿಯಲಿಲ್ಲ.

"ನಿಮ್ಮೂರ ಹೆಣ್ಮಕ್ಕಳು ಬುಟ್ಟಿ ಹೊತ್ಕೊಂಡು ನಕ್ಕೋತ ಹೋಗೋದು ನೋಡಿದ್ರ ನಂಗ ಉರೀತದಕ್ಕ. ನೀ ಹಳ್ಳ್ಯಾಗ ಉಳ್ದಿ, ನಸೀಬದಾಕಿ."

ಗದ್ದೆಮ್ಮ ಒಳಗೆ ಹೋಗಿ ಚಹಾಕ್ಕಿಟ್ಟಳು. ಮರುದಿನ ಇಬ್ಬರೂ ಪಂಚಾಯ್ತಿಗೆ ಹೋಗಿ ಕೇಳಿದರು. ಇಲ್ಲಿ ವಾಸ ಇಲ್ಲದವರ ಹೆಸರು ಸೇರಿಸಲು ಬರುವುದಿಲ್ಲ ಎಂದರು. ತಹಮೀನಾ ಗುಳೆ ಹೋದಳು.

ದೀಪಾವಳಿಗೆ ಮುಂಚೆ ತೊಗರಿಹಾಳವನ್ನೂ ಪಟ್ಟಣಕ್ಕೆ ಸೇರಿಸುವ ಮಾತೆದ್ದಿತು. ಗ್ರಾಮಸಭೆ ಕೂಡಿತು. ಒಪ್ಪಿದವರು ಕೈ ಎತ್ತಿ ಎಂದು ಅಧಿಕಾರಿ ಕೇಳಿದಾಗ, ಗದ್ದೆಮ್ಮ ಎತ್ತೇ ಎತ್ತುತ್ತಾಳೆಂದು ಎಲ್ಲರೂ ಆಕೆಯತ್ತ ತಿರುಗಿದರು. ಇಷ್ಟು ವರ್ಷ ಕಾದದ್ದು ಆ ಗಳಿಗೆಗೇ. ಎದುರಿಗೆ ಖಾತ್ರಿ ಕೆಲಸದ ಹೆಂಗಸರು ಕೂತಿದ್ದರು. ಗದ್ದೆಮ್ಮನ ಕೈ ಮಡಿಲಲ್ಲೇ ಉಳಿಯಿತು. ಆವತ್ತಿಗೆ ಆ ಮಾತು ಬಿದ್ದುಹೋಯಿತು.

"ನಾ ಒಬ್ಬಾಕಿ ಜಾಕೀಟು ಹಾಕ್ಕೊಳ್ಳಾಕ ಓಣಿ ಮಂದಿನ್ನ ಗುಳೇ ಕಳಸ್ಲೇನ್ರಿ?" ಎನ್ನುತ್ತಾಳೆ. ಮನೆಗೆ ಬಂದು ಅತ್ತದ್ದನ್ನೂ ಹೇಳುತ್ತಾಳೆ.

ಹಾಗಂತ ಕಿಚ್ಚು ಆರಿಲ್ಲ. ಲತೀಫಾ ಈಗ ವಾರಕ್ಕೊಮ್ಮೆ ಬರುತ್ತಾಳೆ, ಗದ್ದೆಮ್ಮ ಆಕೆಯ ಕೊರಳಿನ ಕಾರ್ಡನ್ನು ಈಗಲೂ ಓರೆಗಣ್ಣಲ್ಲೇ ನೋಡುತ್ತಾಳೆ. ಬಿಸಿಲು ಏರುವ ಹೊತ್ತಿಗೆ ಕೆಳಗಿನ ಓಣಿಯ ಸರದಿಯೂ ಮುಗಿಯುತ್ತದೆ. ವಾಲ್ ಬಂದ್ ಮಾಡಿ, ಗುಡಿಯ ಕಟ್ಟೆಗೆ ಬೆನ್ನು ಕೊಟ್ಟು ಕೂರುತ್ತಾಳೆ.

"ಲತೀಫಾ ರಿಟೈರ್ ಆದ್ರ ಹಾರ ಹಾಕ್ತಾರಂತ, ಸಾಹೇಬ್ರು ಭಾಷಣ ಮಾಡ್ತಾರಂತ. ನನಗ ಅದೆಲ್ಲಾ ಎಲ್ಲಿ ಬರಬೇಕ್ರಿ. ನಾ ಇಲ್ಲದ ದಿನ, ಗದ್ದೆಮ್ಮ ಎಲ್ಲಿ ಸತ್ಲು, ನೀರು ಬಂದಿಲ್ಲ ಅಂತ ಓಣಿ ಮಂದಿ ಬೈದ್ರ ಸಾಕು."