ಲಕೋಟೆಗಿಟ್ಟ ಕುಂಕುಮ

"ಇದು ರಕ್ತವೇ?" ಲಕೋಟೆಯ ಮೂಲೆಯಲ್ಲಿದ್ದ ಕೆಂಪು ಗುರುತು ನೋಡಿ ಮೇಜಿನ ಹಿಂದೆ ಕೂತಿದ್ದ ಹಿರಿಯಾಕೆ ಗಾಬರಿಯಿಂದ ಕೇಳಿದರು. ಸಿಯಾಟಲ್ ಪಕ್ಕದ ಬಾತೆಲ್‌ನ ಲೈಬ್ರರಿಯಲ್ಲಿ ಹೊಸ ಮತದಾರರಿಗೆ ನೆರವಾಗಲು ಆಫ್ರಿಕನ್ ಅಮೆರಿಕನ್ ಮಹಿಳೆಯರ ಸೇವಾ ಸಂಘವೊಂದು ಮೇಜು ಹಾಕಿತ್ತು. ಲಕೋಟೆಯೊಳಗೆ, ಈಚೆಗಷ್ಟೇ ಇಲ್ಲಿನ ಪೌರತ್ವ ಪಡೆದ ನನ್ನ ಅತ್ತೆಯ ಮೊದಲ ಮತಪತ್ರವಿತ್ತು. ಇಲ್ಲಿ ಅದು ಅಂಚೆಯಲ್ಲಿ ಮನೆಗೇ ಬರುತ್ತದೆ; ಮತ ಗುರುತಿಸಿ, ಲಕೋಟೆಯ ಮೇಲೆ ಸಹಿ ಮಾಡಿ ಹಿಂದಿರುಗಿಸಬೇಕು.

ಮತ ಎಲ್ಲಿ ಹಾಳಾಯಿತೋ ಎಂದು ನನಗೆ ದಿಗಿಲು. ಅತ್ತೆ ನನ್ನನ್ನೇ ಗದರಿದರು: "ಹೊಸ ಕಾರಿಗೆ ಕುಂಕುಮ ಇಡ್ತೀರಲ್ಲ, ಇದೇನು ಅದಕ್ಕಿಂತ ಕಮ್ಮೀನಾ?"

ಅದನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ಆಕೆ ಸಹಿ ಸ್ಪಷ್ಟವಾಗಿರುವುದನ್ನು ನೋಡಿ, ತೊಂದರೆಯಿಲ್ಲ ಎಂದು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: "ನನ್ನ ಅಜ್ಜಿ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡೇ ಮತ ಹಾಕಲು ಹೋಗುತ್ತಿದ್ದರು. ಕಪ್ಪು ವರ್ಣದವರೆಂದು ಪ್ರತಿ ಸಲವೂ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು."

ಅದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಕೂಡಲೇ, "ಆ ಅಜ್ಜಿಯ ಹೆಸರೇನು, ಕೇಳು" ಎಂದರು. ರೂತ್ ಎಂದು ಉತ್ತರ ಬಂತು.

ಈಗಲೂ ಪ್ರತಿ ಚುನಾವಣೆಯಲ್ಲಿ ಲಕೋಟೆಗೆ ಕುಂಕುಮವಿಡುವಾಗ ಅತ್ತೆ ನಮ್ಮ ಮನೆಯ ಹಿರಿಯರನ್ನು ಹೆಸರು ಹೇಳಿ ನೆನೆಯುತ್ತಾರೆ. ಕೊನೆಯ ಹೆಸರು ರೂತಮ್ಮ.